ಹೆಸರು ಅವನದು, ಜೇಬು ನನ್ನದು

ನನ್ನ ದೊಡ್ಡಪ್ಪ ಬೀದಿಯಲ್ಲಿ ನಡೆಯುವಾಗ ಮನುಷ್ಯರ ಮುಖ ನೋಡುವುದಿಲ್ಲ. ಬಾಗಿಲುಗಳ ಪಾದ ನೋಡುತ್ತಾರೆ. ಎದುರಿಗೆ ಬಂದವರು ನಕ್ಕರೂ, ಕೈ ಎತ್ತಿದರೂ ಅವರಿಗೆ ಕಾಣುವುದಿಲ್ಲ. ಆದರೆ ರಸ್ತೆಯ ಆಚೆ ಬದಿಯ ಯಾವುದೋ ಅಂಗಡಿಯ ಶಟರ್ ಒಂದು ಮೂಲೆಯಲ್ಲಿ ಬೆರಳಿನಷ್ಟು ಮೇಲೆದ್ದು ನಿಂತಿದ್ದರೆ ಸಾಕು, ನಡೆಯುತ್ತಿದ್ದವರು ತಟ್ಟನೆ ನಿಂತು, ತಲೆಯನ್ನು ಓರೆ ಮಾಡಿ, ಕಾಯಿಲೆಯ ಮಗುವನ್ನು ಕಂಡ ವೈದ್ಯರ ದನಿಯಲ್ಲಿ "ಎಡಗಾಲು ಕುಂಟ್ತಿದೆ" ಎನ್ನುತ್ತಾರೆ. ಕುಂಟುತ್ತಿರುವುದು ಬಾಗಿಲು ಎಂದು ಗೊತ್ತಿಲ್ಲದವರು ತಮ್ಮ ಕಾಲು ನೋಡಿಕೊಂಡದ್ದನ್ನು ನಾನು ಕಂಡಿದ್ದೇನೆ.

ಅವರ ಕಸುಬು ಅಂಗಡಿ ಮುಂಗಟ್ಟುಗಳಿಗೆ ತಗಡಿನ ಶಟರ್ ಕೂರಿಸುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು. ಅರ್ಧ ಎದ್ದ ಬಾಗಿಲುಗಳ ಕೆಳಗೆ ನುಸುಳಿ ನುಸುಳಿ ಅವರ ನಡಿಗೆಯೇ ಹಾಗಾಗಿಬಿಟ್ಟಿದೆ: ಬಲಭುಜ ಒಂದಿಷ್ಟು ಇಳಿದು, ಕತ್ತು ಮುಂದೆ ಚಾಚಿ, ಇನ್ನೇನು ಬಗ್ಗಿಬಿಡುತ್ತಾರೆ ಎನ್ನುವಂತೆ. ಆನೆ ಹೊಗುವಷ್ಟು ಎತ್ತರದ ಬಾಗಿಲಿಗೂ ತಲೆ ತಗ್ಗಿಸಿಯೇ ಒಳಗೆ ಹೋಗುತ್ತಾರೆ. ಅಪರಿಚಿತರು ಅದನ್ನು ವಿನಯ ಎಂದು ತಿಳಿದು ಮರುವಿನಯ ತೋರಿಸುತ್ತಾರೆ. ದೊಡ್ಡಮ್ಮ ಮಾತ್ರ, "ವಿನಯವೂ ಇಲ್ಲ, ಗಿನಯವೂ ಇಲ್ಲ. ಒಂದು ಸಲ ಹಣೆ ಒಡ್ಕೊಂಡಿದ್ರು, ಆ ಭಯ" ಎನ್ನುತ್ತಾರೆ.

ಮೈಮೇಲೆ ಸದಾ ಒಂದು ಖಾಕಿ ಕೋಟು. ಬೇಸಿಗೆಯಲ್ಲೂ ಅದೇ. ಅದರ ಎಡಜೇಬಿನಲ್ಲಿ ಗ್ರೀಸಿನ ಡಬ್ಬಿ, ಬಲಜೇಬಿನಲ್ಲಿ ಒರೆಸುವ ಬಟ್ಟೆ, ಒಳಜೇಬಿನಲ್ಲಿ ಒತ್ತುಗುಂಡಿಗಳ ಸಣ್ಣ ಫೋನು. ಏಣಿಯ ಮೇಲಿಂದ ಬೀಳದಿರಲೆಂದು ಫೋನಿಗೆ ದಾರ ಕಟ್ಟಿ ಕೋಟಿನ ಗುಂಡಿಗೆ ಬಿಗಿದಿದ್ದಾರೆ. ಒಗೆಯಲು ಕೋಟು ಕೇಳಿದರೆ ಆಸ್ತಿ ಬರೆದುಕೊಡು ಎಂದವರನ್ನು ನೋಡುವ ಹಾಗೆ ನೋಡುತ್ತಾರೆ. ಫೋನು ಬಂದರೆ ಎಲ್ಲರಂತೆ ಹಲೋ ಎನ್ನುವುದಿಲ್ಲ. "ಯಾವ ಬಾಗಿಲು? ಎದ್ದಿದೆಯೋ, ಬಿದ್ದಿದೆಯೋ?" ಎಂದೇ ಶುರು. ಸಾಲ ಬೇಕೇ ಎಂದು ಕೇಳಲು ಕರೆ ಮಾಡಿದ ಹುಡುಗಿಯೊಬ್ಬಳಿಗೂ ಇದೇ ಪ್ರಶ್ನೆ ಹಾಕಿದ್ದರು. ಅವಳು ಗಾಬರಿಯಿಂದ, "ಯಾವುದೂ ಬಿದ್ದಿಲ್ಲ ಸಾರ್" ಎಂದಳಂತೆ. "ಹಾಗಾದ್ರೆ ಬಿದ್ದಾಗ ಮಾಡಮ್ಮ" ಎಂದು ಇವರು ಇಟ್ಟುಬಿಟ್ಟರು. ಬಂದ ಮೆಸೇಜುಗಳನ್ನು ಎಂದೂ ಓದುವುದಿಲ್ಲ. ಬಾಗಿಲು ಕೆಟ್ಟವನು ಬರೆಯುತ್ತಾ ಕೂರುವುದಿಲ್ಲ, ಕೂಗುತ್ತಾನೆ ಎಂಬುದು ಅವರ ನಂಬಿಕೆ.

ಅವರ ಮನೆ ಮಹಡಿಯ ಮೇಲೆ, ನಮ್ಮದು ಕೆಳಗೆ. ಕೆಳಗೆ ಬೀದಿಯ ಕಡೆಗಿರುವ ಕೋಣೆ ಅವರ ಕೆಲಸದ್ದು. ಶಾಲೆ ಬಿಟ್ಟ ಮೇಲೆ ನಾನು ಹೆಚ್ಚಾಗಿ ಅಲ್ಲಿಯೇ ಇರುತ್ತೇನೆ. ಆದ್ದರಿಂದ ಇಲ್ಲಿ ಬರೆದಿರುವುದರಲ್ಲಿ ಬಹುಪಾಲು ನಾನು ಕಣ್ಣಾರೆ ಕಂಡದ್ದು. ಮೋಟಾರು ಮಾಮನ ಹಳೆಯ ಕಥೆ ಮಾತ್ರ ದೊಡ್ಡಮ್ಮನ ಬಾಯಿಂದ ಕೇಳಿದ್ದು.

ಮೋಟಾರು ಮಾಮ ಎಂದರೆ ದೊಡ್ಡಪ್ಪನ ಹಳೆಯ ಪಾಲುದಾರ. ಶಟರ್ ಮೇಲಿನ ಕೊಳವೆಯೊಳಗೆ ಸ್ಪ್ರಿಂಗು ಬಿಗಿಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಸಲಾಕೆ ಹಾಕಿ ತಿರುಗಿಸಿದ್ದನ್ನು ಇನ್ನೊಬ್ಬ ಹಿಡಿದು ನಿಲ್ಲಿಸದಿದ್ದರೆ ಸಲಾಕೆ ಹಿಂದಕ್ಕೆ ಹಾರಿ ಕೈ ಮುರಿಯುತ್ತದೆ. ಈ ಇಬ್ಬರು ಒಂದೇ ಏಣಿಯ ಎರಡು ಕಡೆ ನಿಂತು ಈ ಊರಿನ ಅರ್ಧದಷ್ಟು ಅಂಗಡಿಗಳಿಗೆ ಬಾಗಿಲು ಕೂರಿಸಿದವರು. ಮೊದಲ ಫೋನು ಕೊಂಡಾಗ ದೊಡ್ಡಪ್ಪ ಬಾಡಿಗೆ ಕೋಣೆಯಲ್ಲಿದ್ದರು. ವಿಳಾಸ ತೋರಿಸುವ ಕಾಗದ ಇದ್ದದ್ದು ಮಾಮನ ಬಳಿ. ಹಾಗಾಗಿ ನಂಬರು ಮಾಮನ ಹೆಸರಿನಲ್ಲಿ ಬಂತು, ಫೋನು ದೊಡ್ಡಪ್ಪನ ಜೇಬಿಗೆ ಹೋಯಿತು. ಆಮೇಲೆ ಪ್ರತಿ ಶಟರಿನ ತಳಪಟ್ಟಿಯ ಮೇಲೆ ಬಣ್ಣದಲ್ಲಿ ಗುರುತು ಹಾಕಲು ತಗಡಿನ ಅಚ್ಚು ಕತ್ತರಿಸುವಾಗ ಯಾರ ಹೆಸರು ಮೊದಲು ಎಂಬ ವಾದ ಎದ್ದಿತು. ಇಬ್ಬರೂ ಬಗ್ಗಲಿಲ್ಲ. ಕೊನೆಗೆ ಯಾರ ಹೆಸರೂ ಬೇಡವೆಂದು ಬರೀ ನಂಬರನ್ನೇ ಕತ್ತರಿಸಿದರು. ಔಷಧಿ ಅಂಗಡಿ, ಕನ್ನಡಕದ ಅಂಗಡಿ, ಹಿಟ್ಟಿನ ಗಿರಣಿ, ಎಲ್ಲ ಕಡೆ ಬಾಗಿಲೆಳೆದರೆ ಪಾದದ ಬಳಿ ಅದೇ ಕಪ್ಪು ಅಂಕಿಗಳು. ಹೀಗೆ ಒಂದು ಜಗಳದಿಂದ ಹುಟ್ಟಿದ ನಂಬರು ಎರಡು ಜನರ ಹೆಸರಾಯಿತು.

ಬೇರೆಯಾದದ್ದು ಕರೆಂಟಿನ ದೆಸೆಯಿಂದ. ಗುಂಡಿ ಒತ್ತಿದರೆ ಏರಿ ಇಳಿಯುವ ಮೋಟಾರು ಶಟರುಗಳು ಬಂದಾಗ ಮಾಮ ಅದನ್ನೂ ಕಲಿಯೋಣ ಎಂದರು. ದೊಡ್ಡಪ್ಪ, "ಕರೆಂಟು ಹೋದ್ರೆ ಸತ್ತುಹೋಗೋದು ಬಾಗಿಲಲ್ಲ ಕಣೋ, ಬಲ್ಬು" ಎಂದರು. ಮಾತಿಗೆ ಮಾತು ಬೆಳೆಯಿತು. ಶೆಡ್ಡು ಮತ್ತು ಏಣಿ ಮಾಮನಿಗೆ, ಫೋನು ಮತ್ತು ಅಚ್ಚು ದೊಡ್ಡಪ್ಪನಿಗೆ ಎಂದು ಪಾಲಾಯಿತು. ಮಾಮ ಮೋಟಾರು ಕೆಲಸ ಕಲಿತರು, ಆ ಹೆಸರೂ ಅಂಟಿಕೊಂಡಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಚಹಾದಂಗಡಿಯಲ್ಲಿ ಒಬ್ಬರು ಕಂಡರೆ ಇನ್ನೊಬ್ಬರು ಅರ್ಧ ಲೋಟ ಬಿಟ್ಟು ಎದ್ದು ಹೋಗುತ್ತಾರೆ. ಹೆಂಗಸರಿಬ್ಬರು ಮಾತ್ರ ಈ ಯುದ್ಧಕ್ಕೆ ಸೇರಲಿಲ್ಲ. ಅವರು ಮೊದಲಿನ ಹಾಗೆಯೇ ಒಬ್ಬರ ಮನೆಗೊಬ್ಬರು ಹೋಗಿ ಬಂದು ಮಾಡುತ್ತಾರೆ, ಇಬ್ಬರು ಗಂಡಸರನ್ನೂ ಒಟ್ಟಿಗೇ ಬೈಯುತ್ತಾರೆ.

ಕಷ್ಟ ಶುರುವಾದದ್ದು ಎದುರಿನ ಕಟ್ಟಡದ ಮೇಲಿದ್ದ ಟವರನ್ನು ಕಂಪನಿಯವರು ಕಳಚಿಕೊಂಡು ಹೋದಾಗ. ನಮ್ಮ ಬೀದಿಯಲ್ಲಿ ಆ ಕಂಪನಿಯ ಸಿಗ್ನಲ್ಲು ಪೂರ್ತಿ ಇಂಗಿಹೋಯಿತು. ಉಳಿದವರೆಲ್ಲ ಬೇರೆ ಕಂಪನಿಗೆ ಹೋದರು. ದೊಡ್ಡಪ್ಪ ಮಾತ್ರ ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಒಂದು ಮೊಳೆ ಹೊಡೆದು, ಕೋಟಿನಿಂದ ದಾರ ಬಿಚ್ಚಿ, ಫೋನನ್ನು ಅಲ್ಲಿ ನೇತುಹಾಕಿದರು. ಅಲ್ಲಿ ಒಂದು ಗೆರೆ ಸಿಗ್ನಲ್ಲು ಬರುತ್ತಿತ್ತು, ಗಾಳಿಗೆ ತೂಗಿದರೆ ಅದೂ ಹೋಗುತ್ತಿತ್ತು. ಫೋನು ಬಡಿದುಕೊಂಡಾಗ ಇವರು ಮೆಟ್ಟಿಲು ಹತ್ತಿ ಮುಟ್ಟುವಷ್ಟರಲ್ಲಿ ಆಚೆಯವರು ಬೇಸತ್ತು ಇಟ್ಟಿರುತ್ತಿದ್ದರು.

"ಬಟ್ಟೆ ಒಣಗಿಸೋ ಜಾಗದಲ್ಲಿ ಫೋನ್ ಒಣಗಿಸ್ತಿದಾರೆ ನಿಮ್ಮ ದೊಡ್ಡಪ್ಪ. ಒಣಗಿದ ಮೇಲೆ ಮಡಚಿಡು" ಎಂದು ದೊಡ್ಡಮ್ಮ ನನಗೆ ಹೇಳಿದರು.

ಒಂದು ಬೆಳಗ್ಗೆ ಔಷಧಿ ಅಂಗಡಿಯವರು ಅಂಗಿಯ ಮುಂಭಾಗವೆಲ್ಲ ಮಣ್ಣು ಮಾಡಿಕೊಂಡು ನಮ್ಮ ಬಾಗಿಲಿಗೆ ಬಂದರು. ಅವರ ಶಟರ್ ಮೊಣಕಾಲಿನ ತನಕ ಎದ್ದು ಅಲ್ಲೇ ಕಚ್ಚಿಕೊಂಡಿತ್ತು. ಮಾತ್ರೆಗೆ ಬಂದವರು ಹೊರಗೆ ಕಾಯುತ್ತಿದ್ದಾಗ ಅವರು ನೆಲದ ಮೇಲೆ ತೆವಳಿಕೊಂಡು ಒಳಗೆ ಹೋಗಿ ಔಷಧಿ ತಂದು ಕೊಟ್ಟಿದ್ದರು.

"ನಿಮ್ಮ ನಂಬರ್ ನನ್ನ ಮೂಗಿನ ಮುಂದೇನೇ ಇತ್ತು ಕಣ್ರೀ, ತೆವಳುವಾಗ. ಎಷ್ಟು ಸಲ ಮಾಡಿದ್ರೂ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅನ್ನತ್ತೆ. ಎದುರು ಬೀದಿಯಲ್ಲೇ ಇದ್ದೀರಲ್ರೀ!"

"ಈಗ ಬಂದೆ, ನಡೀರಿ" ಎಂದು ದೊಡ್ಡಪ್ಪ ಕೋಟಿನ ಜೇಬು ತಟ್ಟಿ ನೋಡಿಕೊಂಡರು.

"ಬೇಡ ಬಿಡಿ. ನಿಮ್ಮ ಹಳೇ ಜೊತೆಗಾರ, ಮೋಟಾರಿನೋರು ಬಂದು ಮಾಡಿಕೊಟ್ಟು ಹೋದ್ರು. ಹೇಳಿ ಹೋಗೋಣ ಅಂತ ಬಂದೆ, ಅಷ್ಟೆ. ಮುಂದಕ್ಕೆ ನಾನು ಅವರಿಗೇ ಫೋನ್ ಮಾಡೋದು."

ಅವರು ಕೋಪದಿಂದ ಹೇಳಿದ್ದರೆ ದೊಡ್ಡಪ್ಪ ವಾದ ಮಾಡುತ್ತಿದ್ದರು. ಅವರು ಹೇಳಿದ್ದು ಬೇಸರದಿಂದ. ಸಂಜೆ ತಾವೇ ಹೋಗಿ ಆ ಬಾಗಿಲನ್ನು ಎಳೆದು, ಬಿಟ್ಟು, ಕಿವಿಯಿಟ್ಟು ಕೇಳಿ ಬಂದರು. "ಸ್ಪ್ರಿಂಗ್ ಸರಿಯಾಗೇ ಕಟ್ಟಿದಾನೆ" ಎಂದರು, ಹಲ್ಲುನೋವಿನವರು ಮಾತಾಡುವ ಹಾಗೆ. ಬಾಗಿಲೊಂದು ಕೈತಪ್ಪಿದ್ದಕ್ಕಿಂತ, ತಮ್ಮ ನಂಬರನ್ನು ನಂಬಿದವರು ನೆಲದ ಮೇಲೆ ತೆವಳಿದರು ಎಂಬುದು ಅವರನ್ನು ಕೊರೆಯುತ್ತಿತ್ತು. ಊರಲ್ಲಿ ಇನ್ನೂ ಎಷ್ಟು ಜನ ಆ ಅಂಕಿಗಳನ್ನು ಒತ್ತಿ ಒತ್ತಿ ಬೇಸತ್ತಿದ್ದಾರೋ ಎಂದು ಲೆಕ್ಕ ಹಾಕುತ್ತಾ ಅನ್ನ ಕಲಸಿಟ್ಟು ಕುಳಿತುಬಿಟ್ಟರು.

ನಂಬರು ಅದೇ ಇಟ್ಟುಕೊಂಡು ಕಂಪನಿ ಬದಲಾಯಿಸಬಹುದು ಎಂದು ನಾನು ಹೇಳಿದಾಗ ಅವರು ನಂಬಲಿಲ್ಲ. ಆಮೇಲೆ ಸ್ವಲ್ಪ ಯೋಚಿಸಿ, "ಅಂದ್ರೆ ಬಾಗಿಲು ಅದೇ, ಗೋಡೆ ಬೇರೆ" ಎಂದರು. ಹಾಗೆ ಹೇಳಿಕೊಂಡ ಮೇಲೆ ಅರ್ಥವಾಯಿತು. ತಾರಸಿಗೆ ಹೋಗಿ, ನಾನು ಹೇಳಿಕೊಟ್ಟ ಮೆಸೇಜನ್ನು ಒಂದೊಂದೇ ಗುಂಡಿ ಒತ್ತಿ ಟೈಪು ಮಾಡಿ, ಕೈಯನ್ನು ಆಕಾಶಕ್ಕೆ ಎತ್ತಿ ನಿಂತು ಕಳಿಸಿದರು. ಉತ್ತರವಾಗಿ ಹಳೆಯ ಕಂಪನಿಯಿಂದ ಒಂದು ಕೋಡು ಬಂತು. ಅದಕ್ಕೆ ಆಯುಸ್ಸು ಕೆಲವೇ ದಿನ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಯಲ್ಲಿ ಕೊಡದಿದ್ದರೆ ಎಲ್ಲ ಮೊದಲಿನಿಂದ.

ಮೊಬೈಲ್ ಅಂಗಡಿಯ ಹುಡುಗಿ ಚುರುಕಿನವಳು. ಕೋಡು ನೋಡಿ, "ನಂಬರ್ ನಿಮ್ಮ ಹೆಸರಲ್ಲೇ ಇದೆಯಾ ಅಂಕಲ್?" ಎಂದಳು.

"ಹೆಸರು ಅವನದು, ಜೇಬು ನನ್ನದು" ಎಂದರು ದೊಡ್ಡಪ್ಪ.

"ಜೇಬಿನ ಗುರುತು ತಗೊಳ್ಳಕ್ಕೆ ನಮ್ಮಲ್ಲಿ ಮೆಷಿನ್ ಇಲ್ಲ ಅಂಕಲ್. ಹೆಸರು ಯಾರದೋ ಅವರೇ ಬಂದು ಬೆರಳಿಡಬೇಕು."

"ಇಷ್ಟು ವರ್ಷ ಇಟ್ಕೊಂಡಿರೋನು ನಾನಮ್ಮ."

"ಗೊತ್ತಾಯ್ತು. ಹೊಸ ನಂಬರ್ ತಗೋತೀರಾ? ಈಗ್ಲೇ ನಿಮ್ಮ ಹೆಸರಲ್ಲಿ ಕೊಡ್ತೀನಿ."

"ತಗೊಂಡು? ಊರಿನ ಬಾಗಿಲಿಗೆಲ್ಲ ಹೋಗಿ ಕ್ಷಮಿಸಿ ಅಂತ ಬರೀಲಾ?"

ಮನೆಗೆ ಬಂದು ಕೆಲಸದ ಕೋಣೆಯಲ್ಲಿ ಕುಳಿತರು. ತಗಡಿನ ಪಟ್ಟಿಯೊಂದನ್ನು ತಟ್ಟಿ ನೆಟ್ಟಗೆ ಮಾಡಿದರು, ನೆಟ್ಟಗಾದದ್ದನ್ನು ಮತ್ತೆ ತಟ್ಟಿದರು. ದೊಡ್ಡಮ್ಮ, "ನಾನು ಹೋಗಿ ಅವರ ಹೆಂಡತಿ ಕಿವಿಗೆ ಹಾಕ್ತೀನಿ, ಸಂಜೆಯೊಳಗೆ ಆಗತ್ತೆ" ಎಂದರೆ, "ಹೆಂಗಸರನ್ನ ಕಳಿಸಿ ಬೆರಳು ಕೇಳಿದ ಅನ್ನಿಸ್ಕೊಳ್ಳಲಾ?" ಎಂದರು. ಹಾಗಾದರೆ ನೀವೇ ಹೋಗಿ ಎಂದರೆ ಮತ್ತೆ ಪಟ್ಟಿ ತಟ್ಟಿದರು. ಕೋಡಿನ ಆಯುಸ್ಸು ಸವೆಯುತ್ತಿತ್ತು. ನಾನು ದಿನಾ ಬೆಳಗ್ಗೆ ಮೆಲ್ಲನೆ ನೆನಪಿಸುತ್ತಿದ್ದೆ, ಅವರು ದಿನಾ ಬೆಳಗ್ಗೆ ಗ್ರೀಸಿನ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡುತ್ತಿದ್ದರು. ಕಡೆಯ ದಿನ ಮಧ್ಯಾಹ್ನ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, "ಬಾರಮ್ಮ, ಜೊತೆಗಿರು" ಎಂದು ಹೊರಟರು.

ಮೋಟಾರು ಮಾಮ ಚಪ್ಪಲಿ ಅಂಗಡಿಯೊಂದರ ಮುಂದೆ ಏಣಿಯ ಮೇಲಿದ್ದರು. ಬಾಯ್ತುಂಬ ಸ್ಕ್ರೂ. ನಮ್ಮನ್ನು ಕಂಡು ಒಂದೊಂದಾಗಿ ಸ್ಕ್ರೂಗಳನ್ನು ತೆಗೆದು ಜೇಬಿಗೆ ಹಾಕಿಕೊಂಡರು. ನೋಡಿದ್ದು ನನ್ನನ್ನು ಮಾತ್ರ.

"ಏನಮ್ಮ, ಚೆನ್ನಾಗಿದೀಯಾ? ಎಷ್ಟು ಉದ್ದ ಆಗ್ಬಿಟ್ಟಿದೀಯ!"

ನಾನು ತಲೆಯಾಡಿಸಿದೆ. ದೊಡ್ಡಪ್ಪ ಎದುರಿನ ಬಾಗಿಲಿನ ಪಾದ ನೋಡುತ್ತಾ, "ಒಂದು ಬೆರಳು ಬೇಕಿತ್ತು ಅಂತ ಹೇಳು" ಎಂದರು.

"ಮಾಮ, ಒಂದು ಬೆರಳು ಬೇಕಂತೆ."

"ಎಂಥಕ್ಕೆ ಅಂತ ಕೇಳು."

"ನಂಬರನ್ನ ಬೇರೆ ಕಂಪನಿಗೆ ಹಾಕಿಸ್ಬೇಕು. ಹೆಸರು ಇರೋರೇ ಬರ್ಬೇಕಂತೆ. ಹೇಳು."

"ಹೆಸರು ಯಾರದು ಅಂತ ಈಗ ನೆನಪಾಯ್ತಾ? ಕೇಳು."

ಅವರಿಬ್ಬರ ನಡುವೆ ಎರಡು ಮಾರು ದೂರವೂ ಇರಲಿಲ್ಲ. ನಾನು ಕೇಳಬೇಕೋ ಬೇಡವೋ ತಿಳಿಯದೆ ನಿಂತೆ. ಚಪ್ಪಲಿ ಅಂಗಡಿಯ ಯಜಮಾನರು ಗಿರಾಕಿಯನ್ನು ಬಿಟ್ಟು ಹೊರಗೆ ಬಂದು ಕೇಳುತ್ತಿದ್ದರು.

ಮಾಮ ಮುಂದುವರಿಸಿದರು: "ನಾನು ಮನಸ್ಸು ಮಾಡಿದ್ರೆ ಯಾವತ್ತೋ ಅದನ್ನ ಬಂದ್ ಮಾಡಿಸಬಹುದಿತ್ತು. ಹೇಳು."

"ಮಾಡಿಸಬೇಕಿತ್ತು. ಯಾರು ಬೇಡ ಅಂದ್ರು? ಕೇಳು."

ಅಲ್ಲಿಗೆ ಮಾಮ ನನ್ನನ್ನು ಮರೆತರು. ದಡದಡ ಏಣಿ ಇಳಿದು ನೇರವಾಗಿ ದೊಡ್ಡಪ್ಪನ ಮುಂದೆ ನಿಂತರು. "ಯಾರು ಬೇಡ ಅಂದ್ರಾ? ಲೋ, ಗುರುತಿನ ಚೀಟಿ ಮತ್ತೆ ತೋರಿಸಿ, ಇಲ್ಲದಿದ್ರೆ ನಂಬರ್ ಕಟ್ ಅಂತ ಕಂಪನಿಯೋರು ಎಲ್ಲರಿಗೂ ಮೆಸೇಜ್ ಕಳಿಸಿದ್ರಲ್ಲ, ಓದಿದ್ಯಾ? ಓದಲ್ಲ ನೀನು. ನನ್ನ ನಂಬರಿಗೆ ಅಂತ ಹೋಗಿ ಕ್ಯೂನಲ್ಲಿ ನಿಂತಿದ್ದೆ. ನಿಮ್ಮ ಹೆಸರಲ್ಲಿ ಇನ್ನೊಂದಿದೆ, ಉಳಿಸ್ಲಾ ತೆಗೀಲಾ ಅಂದ್ರು. ಉಳಿಸಿ ಅಂದೆ. ಮುಂದೊಂದು ವರ್ಷ ಮತ್ತೆ ಕೇಳಿದ್ರು. ಮತ್ತೆ ಉಳಿಸಿ ಅಂದೆ. ಗೊತ್ತಾ ನಿನಗೆ?"

"ನಾನು ತಪ್ಪದೆ ರೀಚಾರ್ಜ್ ಮಾಡಿಸ್ತಿದ್ನಲ್ಲ" ಎಂದರು ದೊಡ್ಡಪ್ಪ. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ರೀಚಾರ್ಜ್ ಅಂತೆ! ಬರೀ ಗ್ರೀಸ್ ಹಚ್ಚಿದ್ರೆ ಬಾಗಿಲು ನಿಲ್ಲತ್ತೇನೋ? ಮೇಲೆ ಸ್ಪ್ರಿಂಗ್ ಹಿಡ್ಕೊಂಡಿರಬೇಕು ಒಬ್ಬ."

ದೊಡ್ಡಪ್ಪ ಬಾಗಿಲಿನ ಪಾದದಿಂದ ಕಣ್ಣೆತ್ತಿದರು. ಮಾಮನ ಮುಖ ನೋಡಿದರು. ಆಮೇಲೆ, "ಉಳಿಸಿ ಅಂದ್ಯಾ?" ಎಂದರು.

"ಅಂದೆ. ಏನೀಗ? ನನಗೂ ಯಾರಾದ್ರೂ ನಂಬರ್ ಕೇಳಿದ್ರೆ ಮೊದಲು ಅದೇ ಬಾಯಿಗೆ ಬರೋದು. ನಡಿ, ಎಲ್ಲಿ ಬೆರಳಿಡಬೇಕು ತೋರಿಸು."

ಮೊಬೈಲ್ ಅಂಗಡಿಯಲ್ಲಿ ಬೇರೆಯದೇ ತೊಡಕು. ಮಾಮ ಹೆಬ್ಬೆಟ್ಟು ಒತ್ತಿದರೆ ಯಂತ್ರ ಕೆಂಪು ದೀಪ ತೋರಿಸಿತು. ತೋರುಬೆರಳಿಗೂ ಕೆಂಪು. ಜೀವಮಾನವೆಲ್ಲ ತಗಡು ಉಜ್ಜಿದ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಇದ್ದ ಒಂದೆರಡರೊಳಗೆ ಗ್ರೀಸು ಕೂತಿತ್ತು.

"ಬೆರಳು ಬರ್ತಿಲ್ಲ ಅಂಕಲ್" ಎಂದಳು ಹುಡುಗಿ. "ಅಂಗಡಿ ಮುಚ್ಚೋ ಹೊತ್ತಾಯ್ತು. ಈ ಕೋಡಿಗೆ ಇವತ್ತೇ ಕೊನೆ."

"ಬೆರಳು ಇಲ್ಲೇ ಇದೆಯಲ್ಲಮ್ಮ" ಎಂದರು ಮಾಮ, ಅದನ್ನು ಎತ್ತಿ ತೋರಿಸುತ್ತಾ.

ದೊಡ್ಡಪ್ಪ ಬಲಜೇಬಿನಿಂದ ಒರೆಸುವ ಬಟ್ಟೆ ತೆಗೆದರು. ಅದರಲ್ಲಿ ಶುಭ್ರವಾದ ಮೂಲೆಯೊಂದನ್ನು ಹುಡುಕಿ, ಹುಡುಗಿಯ ನೀರಿನ ಬಾಟಲಿಯಿಂದ ತೇವ ಮಾಡಿಕೊಂಡು, ಮಾಮನ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡು ಒಂದೊಂದೇ ಬೆರಳನ್ನು ಉಗುರಿನ ಸಂದಿಯವರೆಗೆ ಒರೆಸತೊಡಗಿದರು. ಶಟರ್ ಜಾರುವ ಪಕ್ಕದ ಕಾಲುವೆಯನ್ನು ಒರೆಸುವಾಗ ಇರುವ ಅದೇ ನಿಧಾನ, ಅದೇ ಓರೆ ತಲೆ.

"ಮೆಲ್ಲಗೆ ಕಣೋ, ಚರ್ಮ ಅದು" ಎಂದರು ಮಾಮ.

"ಸುಮ್ನಿರು. ಎಲ್ಲಿ ಕಚ್ಕೊಂಡಿದೆ ನೋಡ್ತಿದೀನಿ."

"ಗ್ರೀಸ್ ಹಚ್ತೀಯಾ?"

"ನಿನಗೆ ಹಚ್ಚಿದ್ರೆ ಜಾರಿಹೋಗ್ತೀಯ."

ಹುಡುಗಿ ನಗು ತಡೆಯಲಾರದೆ ಮುಖ ತಿರುಗಿಸಿದಳು. ಹೆಬ್ಬೆಟ್ಟು ಮತ್ತೆ ಕೆಂಪು. ನಡುಬೆರಳು ಕೆಂಪು. ಎಡಗೈ ತೆಗೆದುಕೊಂಡು ಒರೆಸಿದರು. ಯಾವ ಸಲಾಕೆಯನ್ನೂ ಬಿಗಿಯಾಗಿ ಹಿಡಿಯದ, ಇಷ್ಟು ವರ್ಷ ಹೆಚ್ಚು ಕೆಲಸವಿಲ್ಲದೆ ಉಳಿದುಕೊಂಡಿದ್ದ ಎಡಗೈಯ ಉಂಗುರಬೆರಳನ್ನು ಯಂತ್ರದ ಮೇಲಿಟ್ಟು, ಮೇಲಿಂದ ದೊಡ್ಡಪ್ಪ ತಮ್ಮ ಹೆಬ್ಬೆಟ್ಟಿನಿಂದ ಹದವಾಗಿ ಒತ್ತಿದರು. ಹಸಿರು ದೀಪ ಹತ್ತಿತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಬಿಗಿದ ಸ್ಪ್ರಿಂಗು ನಿಂತಾಗ ಏಣಿಯ ಎರಡು ಕಡೆಯಿಂದ ಕೇಳಿಸುತ್ತಿದ್ದದ್ದು ಇಂಥದೇ ಉಸಿರು ಇರಬೇಕು ಎಂದುಕೊಂಡೆ. ಇದು ನನ್ನ ಊಹೆ, ಕಂಡದ್ದಲ್ಲ.

ಆಮೇಲಿನದು ನಂಬರು ದಾಟುವ ದಿನ. ಹಳೆಯ ಕಂಪನಿ ಕೈಬಿಟ್ಟು ಹೊಸದು ಹಿಡಿಯುವ ನಡುವೆ ಕೆಲವು ಗಂಟೆಗಳ ಕಾಲ ನಂಬರು ಎಲ್ಲಿಯೂ ಇರುವುದಿಲ್ಲ. ಅಂದು ಬೆಳಗ್ಗೆ ನಾನು ಹೊಸ ಸಿಮ್ ಹಾಕಿಕೊಟ್ಟೆ. ದೊಡ್ಡಪ್ಪ ಮೂರು ಸಲ ಫೋನನ್ನು ಕಿವಿಗಿಟ್ಟು ಕೇಳಿ, ಸತ್ತುಹೋಯಿತೇ ಎಂದು ನನ್ನ ಮುಖ ನೋಡಿದರು. ಬರುತ್ತದೆ ಎಂದು ನಾನು ಹೇಳಿದ್ದು ಅವರಿಗೆ ಸಾಲಲಿಲ್ಲ. ಕೋಟು ಹಾಕಿಕೊಂಡು ಹೊರಗೆ ಹೋದರು. ಊಟದ ಹೊತ್ತಾದರೂ ಬಾರದ್ದರಿಂದ ನಾನು ಹುಡುಕಿಕೊಂಡು ಹೋದೆ. ಚಪ್ಪಲಿ ಅಂಗಡಿಯ ಮುಂದೆ ಮಾಮ ಮೇಲೆ ನಿಂತು ಮೋಟಾರು ಕೂರಿಸುತ್ತಿದ್ದರು. ದೊಡ್ಡಪ್ಪ ಏಣಿಯ ಬುಡ ಹಿಡಿದು ನಿಂತು, ಅದು ಎಂಥ ಕೆಲಸಕ್ಕೆ ಬಾರದ ವಸ್ತು ಎಂದು ಕೆಳಗಿನಿಂದ ವಿವರಿಸುತ್ತಿದ್ದರು. ಮಾಮ ಮೇಲಿನಿಂದ ಸ್ಕ್ರೂ ಕೇಳುತ್ತಿದ್ದರು, ಇವರು ಬೈಯುತ್ತಲೇ ಕೊಡುತ್ತಿದ್ದರು. ಆ ನಡುವೆ ಯಾವಾಗಲೋ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿಕೊಂಡು ಫೋನು ಜೀವ ಹಿಡಿದಿತ್ತು. ಅವರು ನೋಡಿರಲಿಲ್ಲ.

ಒಂದೆರಡು ವಾರದ ನಂತರ ಇಬ್ಬರೂ ಜೊತೆಯಾಗಿ ಹೋಗುತ್ತಿದ್ದಾಗ ಮೊಬೈಲ್ ಅಂಗಡಿಯ ಹುಡುಗಿ ಕೂಗಿ ಕರೆದಳು. "ಅಂಕಲ್, ಈಗ ಬೇಕಾದ್ರೆ ನಂಬರನ್ನ ನಿಮ್ಮ ಹೆಸರಿಗೇ ಮಾಡಿಕೊಡಬಹುದು. ಇಬ್ರೂ ಇದ್ದೀರಲ್ಲ, ಒಂದು ಸಹಿ ಅಷ್ಟೆ. ಆಮೇಲೆ ಯಾರನ್ನೂ ಕೇಳೋ ಹಾಗಿಲ್ಲ."

ದೊಡ್ಡಪ್ಪ ತಡಮಾಡಲಿಲ್ಲ. "ಬೇಡಮ್ಮ. ಅವನ ಹೆಸರೇ ಸಾಕು."

"ಲೋ, ನಾಳೆ ಮತ್ತೆ ಗುರುತು ಗಿರುತು ಅಂದ್ರೆ ನಾನೇ ಬರ್ಬೇಕಲ್ಲೋ" ಎಂದು ಮಾಮ ಗೊಣಗಿದರು.

"ಬಾ" ಎಂದರು ದೊಡ್ಡಪ್ಪ.

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆಂದು ನನಗೆ ತೋರುತ್ತದೆ. ಅವರನ್ನು ನಾವು ಹಟಮಾರಿಗಳೆಂದು, ಕಾಲಕ್ಕೆ ತಕ್ಕಂತೆ ಬದಲಾಗದವರೆಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಅವರ ಹಟ ವಸ್ತುವಿನ ಮೇಲಿನದಲ್ಲ. ಆ ವಸ್ತುವನ್ನು ನಂಬಿ ಎಲ್ಲೋ ಒಬ್ಬರು ಕೈಚಾಚುತ್ತಾರೆ, ಚಾಚಿದ ಕೈಗೆ ನಾನು ಸಿಗಬೇಕು ಎಂಬುದರ ಮೇಲಿನದು. ತಾವೊಬ್ಬರೇ ಹೊತ್ತಿದ್ದೇವೆಂದು ತಿಳಿದು ಅವರು ವರ್ಷಗಟ್ಟಲೆ ಭುಜ ಬಾಗಿಸಿ ನಡೆಯುತ್ತಾರೆ. ಇನ್ನೊಂದು ತುದಿಯನ್ನು ಬೇರೊಬ್ಬರು ಸದ್ದಿಲ್ಲದೆ ಹಿಡಿದಿದ್ದರೆಂದು ಒಂದು ದಿನ ತಿಳಿದಾಗ, ನಮ್ಮಂಥವರಾದರೆ ಸಂಕೋಚಪಟ್ಟು ಭಾರವನ್ನೆಲ್ಲ ನಮ್ಮ ಕಡೆಗೆ ಎಳೆದುಕೊಂಡೇವು. ಅವರು ಹಾಗೆ ಮಾಡುವುದಿಲ್ಲ. ಅವರಿಗೆ ಕ್ಷಮೆ ಕೇಳಲು ಬಾರದು, ವಂದನೆ ಹೇಳಲು ಬಾರದು. ಆ ಇನ್ನೊಬ್ಬರನ್ನು ಮುಂದೆಯೂ ಅಲ್ಲಿಯೇ ಹಿಡಿದಿರಲು ಬಿಡುವುದು, ಅದೊಂದು ಅವರಿಗೆ ಬರುತ್ತದೆ.